ಕ್ಲಚ್ಚಿನ ತಟ್ಟೆಯೂ ಎಣ್ಣೆಯ ಹನಿಯೂ

ಘರ್ಷಣೆಯು ಯಂತ್ರಗಳಿಗೆ ಶತ್ರುವೆಂದು ನಾವೆಲ್ಲರೂ ಶಾಲೆಯ ಪಾಠಗಳಲ್ಲಿ ಓದಿರುತ್ತೇವೆ. ಎತ್ತಿನ ಬಂಡಿಯ ಅಚ್ಚಿಗೆ ಕೀಲೆಣ್ಣೆ ಸವರುವುದೂ, ಹೊಲಿಗೆಯ ಯಂತ್ರಕ್ಕೆ ಎಣ್ಣೆ ಬಿಡುವುದೂ ಈ ಶತ್ರುವನ್ನು ಹತ್ತಿಕ್ಕುವ ಉಪಾಯಗಳೇ ಆಗಿವೆ. ಆದರೆ ಘರ್ಷಣೆಯಿಲ್ಲದಿದ್ದರೆ ನಾವು ಒಂದು ಹೆಜ್ಜೆಯನ್ನೂ ಮುಂದಿಡಲಾರೆವು. ಮೋಟಾರು ಗಾಡಿಯಲ್ಲಿ ಇದರ ಎರಡು ಮುಖಗಳೂ ಗೇಣುದ್ದದ ಅಂತರದಲ್ಲಿ ನೆರೆಹೊರೆಯಾಗಿ ಬಾಳುತ್ತವೆ. ಕ್ಲಚ್ಚಿನಲ್ಲಿ ಘರ್ಷಣೆ ಬೇಕೇ ಬೇಕು. ಅದಕ್ಕೆ ತಾಗಿದ ಗೇರುಪೆಟ್ಟಿಗೆಯಲ್ಲಿ ಅದು ಬೇಡವೇ ಬೇಡ. ಅಲ್ಲಿ ಒಣಮೈ, ಇಲ್ಲಿ ಎಣ್ಣೆ. ಇವೆರಡರ ನಡುವೆ ಕಾವಲು ನಿಂತಿರುವುದು ಒಂದು ಸಣ್ಣ ರಬ್ಬರಿನ ಉಂಗುರ, ಅಷ್ಟೆ.

ಈ ಉಂಗುರದ ಕಥೆ ಕೇವಲ ಕುತೂಹಲದ ವಿಷಯವಲ್ಲ. ಸಿರುಗುಪ್ಪದಿಂದ ತೆಕ್ಕಲಕೋಟೆಯ ಮಾರ್ಗವಾಗಿ ಬಳ್ಳಾರಿಗೆ ಅಕ್ಕಿಮೂಟೆಗಳನ್ನು ಹೊತ್ತು ತರುವ ಬಾಡಿಗೆ ಗಾಡಿಯ ಕ್ಲಚ್ಚು ಕೆಟ್ಟರೆ, ಗೇರುಪೆಟ್ಟಿಗೆಯನ್ನೇ ಕೆಳಗಿಳಿಸಿ ತಟ್ಟೆಯನ್ನು ಬದಲಾಯಿಸಬೇಕಾಗುವುದು. ಹಣವೂ ಹೋಗುವುದು, ದುಡಿಮೆಯ ದಿನಗಳೂ ಹೋಗುವುವು. ಎಣ್ಣೆ ಸೋರುತ್ತಿರುವುದನ್ನು ಗಮನಿಸದೆ ಹೊಸ ತಟ್ಟೆಯನ್ನಷ್ಟೇ ಹಾಕಿಸಿದರೆ, ಕೆಲವು ವಾರಗಳಲ್ಲಿಯೇ ಅದೂ ಹಾಳಾಗಿ, ಅದೇ ವೆಚ್ಚ ಮತ್ತೊಮ್ಮೆ ಬರುವುದು.

ಕ್ಲಚ್ಚು ಏಕೆ ಬೇಕು?

ಕುರುಗೋಡಿನ ದೊಡ್ಡಬಸವೇಶ್ವರನ ತೇರನ್ನು ಎಳೆಯುವ ಬಗೆಯನ್ನು ನೆನೆಯಿರಿ. ಸಾವಿರಾರು ಕೈಗಳು ಹಗ್ಗವನ್ನು ಹಿಡಿದಿದ್ದರೂ ಒಮ್ಮೆಲೇ ಜಗ್ಗಿದರೆ ಹಗ್ಗ ಹರಿದೀತು, ಇಲ್ಲವೆ ಜನ ಮುಗ್ಗರಿಸಿಯಾರು. ಮೊದಲು ಹಗ್ಗ ಬಿಗಿಯಾಗಬೇಕು. ಬಳಿಕ ಬಲ ಮೆಲ್ಲಮೆಲ್ಲನೆ ಏರಬೇಕು. ಮೋಟಾರು ಗಾಡಿಯ ಎಂಜಿನಿನ ಪಾಡೂ ಇಂತಹುದೇ. ಅದು ತಿರುಗುತ್ತಿದ್ದರೆ ಮಾತ್ರ ಬಲ ಕೊಡಬಲ್ಲದು. ನಿಂತಿರುವ ಗಾಡಿಗೆ ಒಮ್ಮೆಲೇ ಜೋಡಿಸಿದರೆ ತಾನೇ ನಿಂತುಬಿಡುವುದು. ತಿರುಗುತ್ತಿರುವ ಎಂಜಿನನ್ನು ನಿಂತಿರುವ ಗಾಡಿಗೆ ಹಂತಹಂತವಾಗಿ ಜೋಡಿಸುವ ಸಾಧನವೇ ಕ್ಲಚ್ಚು.

ಇದರ ರಚನೆ ಸರಳ. ಎಂಜಿನಿನ ಹಿಂಬದಿಯಲ್ಲಿ ಗತಿಚಕ್ರವೆಂಬ ಭಾರವಾದ ಕಬ್ಬಿಣದ ಚಕ್ರವುಂಟು. ಅದರ ಎದುರಿಗೆ, ಎರಡು ಮೈಗಳಿಗೂ ಉಜ್ಜುಪಟ್ಟಿ ಅಂಟಿಸಿದ ಕ್ಲಚ್ಚು ತಟ್ಟೆಯು ಗೇರುಪೆಟ್ಟಿಗೆಯ ದಂಡದ ಮೇಲೆ ಕುಳಿತಿರುತ್ತದೆ. ಬಲವಾದ ಸ್ಪ್ರಿಂಗುಳ್ಳ ಒತ್ತುಫಲಕವು ಈ ತಟ್ಟೆಯನ್ನು ಗತಿಚಕ್ರಕ್ಕೆ ಅದುಮಿ ಹಿಡಿಯುತ್ತದೆ. ನಾವು ಪೆಡಲನ್ನು ತುಳಿದಾಗ ಅದುಮು ಸಡಿಲವಾಗುವುದು, ಬಿಟ್ಟಾಗ ಬಿಗಿಯಾಗುವುದು.

ಘರ್ಷಣೆಯ ಬಲವು ಅದುಮುವ ಬಲಕ್ಕೆ ಅನುಪಾತದಲ್ಲಿರುವುದೆಂದು ಫ್ರಾನ್ಸಿನ ಅಮಾಂಟನ್ಸನು ೧೬೯೯ರಲ್ಲಿ ತಿಳಿಸಿದನು. ಈ ಅನುಪಾತದ ಸಂಖ್ಯೆಯೇ ಘರ್ಷಣಾಂಕ. ಒಣಗಿದ ಉಜ್ಜುಪಟ್ಟಿಗೂ ಕಬ್ಬಿಣಕ್ಕೂ ಇದು ಸುಮಾರು ೦.೩ರಿಂದ ೦.೪ರಷ್ಟಿರುತ್ತದೆ. ನಡುವೆ ಎಣ್ಣೆ ನುಸುಳಿದರೆ ಸುಮಾರು ೦.೧ಕ್ಕೆ ಇಳಿಯಬಹುದು. ಎಂದರೆ ಸ್ಪ್ರಿಂಗಿನ ಬಲ ಕಿಂಚಿತ್ತೂ ಕುಗ್ಗದಿದ್ದರೂ ಕ್ಲಚ್ಚಿನ ಹಿಡಿತವು ಮೂರರಲ್ಲೊಂದು ಪಾಲಿಗೆ ಬಂದು ನಿಲ್ಲುವುದು.

ಮೋಟಾರು ಸೈಕಲ್ಲುಗಳಲ್ಲಿ ಹಲವಕ್ಕೆ ಕ್ಲಚ್ಚು ಎಣ್ಣೆಯಲ್ಲಿಯೇ ಮುಳುಗಿರುವುದಲ್ಲವೇ ಎಂದು ವಿದ್ಯಾರ್ಥಿಗಳು ಕೇಳಬಹುದು. ನಿಜ, ಆದರೆ ಅಲ್ಲಿ ಒಂದು ತಟ್ಟೆಯ ಬದಲು ಹಲವು ತಟ್ಟೆಗಳಿರುತ್ತವೆ. ಕಡಮೆ ಘರ್ಷಣಾಂಕವನ್ನು ಹೆಚ್ಚು ಮೈಗಳಿಂದ ಸರಿದೂಗಿಸಿರುತ್ತಾರೆ. ಸಾಮಾನ್ಯ ಕಾರಿನ ಒಂಟಿ ತಟ್ಟೆಗೆ ಆ ಅನುಕೂಲವಿಲ್ಲ.

ಅರ್ಧ ಪಾಲು ಉಷ್ಣಕ್ಕೆ

ಗಾಡಿ ಹೊರಡುವಾಗ ತಟ್ಟೆಯು ಸ್ವಲ್ಪ ಹೊತ್ತು ಜಾರಲೇಬೇಕು. ಎಂಜಿನು ಒಂದೇ ವೇಗದಲ್ಲಿ ತಿರುಗುತ್ತಿದೆಯೆಂದೂ, ತಟ್ಟೆಯ ವೇಗ ಸೊನ್ನೆಯಿಂದ ಸಮನಾಗಿ ಏರಿ ಅದನ್ನು ಮುಟ್ಟುವುದೆಂದೂ ಇಟ್ಟುಕೊಳ್ಳೋಣ. ಆಗ ತಟ್ಟೆಯ ಸರಾಸರಿ ವೇಗ ಎಂಜಿನಿನ ವೇಗದ ಅರ್ಧ. ತಿರುಗಿಸುವ ಬಲ ಎರಡಕ್ಕೂ ಒಂದೇ. ಆದಕಾರಣ ಎಂಜಿನು ಮಾಡಿದ ಕೆಲಸದಲ್ಲಿ ಅರ್ಧ ಮಾತ್ರ ಗಾಡಿಗೆ ಸೇರುವುದು. ಮಿಕ್ಕ ಅರ್ಧ ಉಷ್ಣವಾಗುವುದು.

೧೦೦೦ ಕಿಲೋಗ್ರಾಂ ತೂಕದ ಕಾರು ಸೆಕೆಂಡಿಗೆ ೫ ಮೀಟರ್ ವೇಗವನ್ನು ಮುಟ್ಟಿದಾಗ ಜಾರುವಿಕೆ ನಿಂತಿತೆನ್ನೋಣ. ಅದರ ಚಲನಶಕ್ತಿ ೧೨,೫೦೦ ಜೂಲ್. ರಸ್ತೆಯ ತಡೆಯನ್ನು ಲೆಕ್ಕಕ್ಕೆ ಹಿಡಿಯದಿದ್ದರೆ ಕ್ಲಚ್ಚಿನಲ್ಲಿ ಹುಟ್ಟಿದ ಉಷ್ಣವೂ ಅಷ್ಟೇ. ಈ ಉಷ್ಣವು ೫ ಕಿಲೋಗ್ರಾಂ ಕಬ್ಬಿಣದಲ್ಲಿ ಹರಡಿದರೆ ಅದರ ತಾಪ ೫ ಡಿಗ್ರಿಗಿಂತ ತುಸು ಹೆಚ್ಚು ಏರುವುದು. ಇದೇನೂ ಭಯಪಡುವಂತಹುದಲ್ಲ. ಆದರೆ ಅದೇ ಕಾರನ್ನು ಎರಡನೆಯ ಗೇರಿನಲ್ಲಿ ಹೊರಡಿಸಿದರೆ, ಜಾರುವಿಕೆ ನಿಲ್ಲುವ ವೇಗ ಸುಮಾರು ಇಮ್ಮಡಿಯಾಗುವುದು. ಚಲನಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿರುವುದರಿಂದ ಉಷ್ಣವು ನಾಲ್ಮಡಿಯಾಗುವುದು. ಒಮ್ಮೆ ಹೊರಟರೆ ಸುಮಾರು ೨೨ ಡಿಗ್ರಿ. ತಣಿಯಲು ಬಿಡದೆ ಹತ್ತು ಸಲ ಹೊರಟರೆ ಇನ್ನೂರು ಡಿಗ್ರಿಗೂ ಮಿಕ್ಕು! ಒಳಗಿನ ಕಬ್ಬಿಣಕ್ಕೆ ಉಷ್ಣ ಹರಡುವ ಮೊದಲು ಉಜ್ಜುವ ಮೈಯ ತಾಪ ಇದಕ್ಕಿಂತಲೂ ಮೇಲಿರುವುದು. ಬಳ್ಳಾರಿಯ ಬೇಸಿಗೆಯ ೪೦ ಡಿಗ್ರಿಯ ಗಾಳಿಯು ತಣಿಸುವ ಕೆಲಸದಲ್ಲಿ ಹೆಚ್ಚು ನೆರವಾಗದೆಂಬುದನ್ನೂ ಮರೆಯಬಾರದು.

ಏರಿನಲ್ಲಿ ಬ್ರೇಕು ಹಿಡಿಯದೆ ಕ್ಲಚ್ಚನ್ನು ಅರ್ಧ ಬಿಟ್ಟು ಗಾಡಿಯನ್ನು ನಿಲ್ಲಿಸಿಕೊಳ್ಳುವ ಅಭ್ಯಾಸ ಇನ್ನೂ ಕೆಟ್ಟದ್ದು. ಹತ್ತಕ್ಕೆ ಒಂದರ ಏರಿನಲ್ಲಿ ನಮ್ಮ ಕಾರನ್ನು ಹಿಡಿದಿಡಲು ೯೮೦ ನ್ಯೂಟನ್ ಬಲ ಬೇಕು. ಎಂಜಿನಿನ ಅಂದಿನ ತಿರುಗುವೇಗವು ಗಾಡಿಯ ಸೆಕೆಂಡಿಗೆ ೨ ಮೀಟರ್ ನಡೆಗೆ ಸಮನಾಗಿದ್ದರೆ, ಕ್ಲಚ್ಚಿನಲ್ಲಿ ಸುಮಾರು ೨ ಕಿಲೋವಾಟ್ ಶಕ್ತಿ ವ್ಯಯವಾಗುತ್ತಿರುತ್ತದೆ. ಗಾಡಿ ಕದಲದಿರುವುದರಿಂದ ಅದೆಲ್ಲವೂ ಉಷ್ಣವೇ. ಒಂದು ನಿಮಿಷ ಹೀಗೆ ನಿಂತರೆ ಒಂಬತ್ತು ಹತ್ತು ಸಲ ಹೊರಟಷ್ಟು ಕಾವು ತಟ್ಟೆಗೆ ತಗಲುವುದು.

ಹೊಸ ತಟ್ಟೆಯನ್ನು ಪಳಗಿಸುವುದು

ಹೊಸ ಹೋರಿಯನ್ನು ಮೊದಲ ದಿನವೇ ತುಂಬಿದ ಬಂಡಿಗೆ ಯಾರೂ ಕಟ್ಟುವುದಿಲ್ಲ. ಹೊಸ ಕ್ಲಚ್ಚಿಗೂ ಇದೇ ನ್ಯಾಯ. ಬರಿಗಣ್ಣಿಗೆ ನುಣುಪಾಗಿ ಕಂಡರೂ ಉಜ್ಜುಪಟ್ಟಿಯಲ್ಲಿಯೂ ಕಬ್ಬಿಣದಲ್ಲಿಯೂ ಸೂಕ್ಷ್ಮವಾದ ಉಬ್ಬುತಗ್ಗುಗಳಿರುತ್ತವೆ. ಮೊದಲಲ್ಲಿ ಉಬ್ಬುಗಳ ತುದಿಗಳಷ್ಟೇ ಪರಸ್ಪರ ಮುಟ್ಟುವುದರಿಂದ, ಎಲ್ಲ ಉಷ್ಣವೂ ಆ ಕೆಲವೇ ತಾಣಗಳಲ್ಲಿ ಹುಟ್ಟುವುದು. ಹದವಾಗಿ ಬಳಸಿದರೆ ತುದಿಗಳು ಸವೆದು ಮೈಗೆ ಮೈ ಕೂಡಿಕೊಳ್ಳುವುದು. ಅವಸರಪಟ್ಟು ಕಾಯಿಸಿದರೆ ಪಟ್ಟಿಯೊಳಗಿನ ಅಂಟು ಮೇಲಕ್ಕೆ ಬಂದು ಗಾಜಿನಂತೆ ಹೊಳೆಯುವ ಪೊರೆಯಾಗುವುದು. ಕಬ್ಬಿಣದ ಮೇಲೆ ನೀಲಿ ಕಲೆಗಳು ಮೂಡುವುವು. ಮುಂದೆ ಗಾಡಿ ಹೊರಡುವಾಗಲೆಲ್ಲ ನಡುಗತೊಡಗುವುದು.

ಪಳಗಿಸಲು ಸಾಮಾನ್ಯವಾಗಿ ೫೦೦ರಿಂದ ೮೦೦ ಕಿಲೋಮೀಟರ್ ಓಟವನ್ನು ಹೇಳುತ್ತಾರೆ. ಆದರೆ ಬರಿಯ ದೂರವನ್ನು ಎಣಿಸಿದರೆ ಸಾಲದು. ಬಳ್ಳಾರಿಯಿಂದ ಸಿರುಗುಪ್ಪಕ್ಕೆ ಐವತ್ತು ಕಿಲೋಮೀಟರಿಗೂ ಮಿಕ್ಕಿದ ಹಾದಿಯನ್ನು ಮೇಲಿನ ಗೇರಿನಲ್ಲಿಯೇ ಓಡಿಸಿದರೆ ಕ್ಲಚ್ಚು ಕೂಡಿದಂತೆಯೇ ಇರುವುದು. ಜಾರದ ಮೈ ಪಳಗುವುದೆಂತು? ನಗರದ ಬೀದಿಗಳಲ್ಲಿ ನಿಂತು ಹೊರಡುವ ಹತ್ತು ಕಿಲೋಮೀಟರಿನಲ್ಲಿ ಕ್ಲಚ್ಚು ಅದಕ್ಕಿಂತ ಎಷ್ಟೋ ಹೆಚ್ಚು ಬಾರಿ ಕೂಡಿ ಬಿಡುವುದು. ಆದುದರಿಂದ ಪಳಗಿಸುವ ದಿನಗಳಲ್ಲಿ ಹಗುರಾದ ಹೊರೆಯೊಡನೆ ನಗರದಲ್ಲಿ ಓಡಾಡುವುದೇ ಒಳ್ಳೆಯದು. ಮೊದಲ ಗೇರಿನಲ್ಲಿಯೇ ಹೊರಡಬೇಕು. ಎಂಜಿನನ್ನು ಮೊರೆಯಿಸಿ ಪೆಡಲನ್ನು ಧಡಕ್ಕನೆ ಬಿಡಬಾರದು. ಬೇರೊಂದು ಗಾಡಿಯನ್ನು ಎಳೆಯಬಾರದು. ಓಡಿಸುವಾಗ ಪೆಡಲಿನ ಮೇಲೆ ಸುಮ್ಮನೆ ಪಾದವಿಟ್ಟಿರಬಾರದು. ಜಾತ್ರೆಯ ದಿನ ಕುರುಗೋಡಿನ ಜನಸಂದಣಿಯಲ್ಲಿ ಆಮೆಯ ನಡೆಯಲ್ಲಿ ಜಾರಿಸುತ್ತ ಹೋಗುವುದಕ್ಕಿಂತ, ಪೂರ್ತಿ ನಿಂತು, ಎಡೆ ಸಿಕ್ಕಿದಾಗ ಹೊರಡುವುದು ಲೇಸು.

ಹನಿ ಹೇಳುವ ಸುಳಿವು

ಇನ್ನು ಎಣ್ಣೆಯ ಕಡೆಗೆ ಬರೋಣ. ಗಾಡಿಯ ಕೆಳಗೆ ಹನಿ ಕಂಡೊಡನೆ ಬಿಚ್ಚಲು ಹೊರಡಬಾರದು. ಮೊದಲು ಅದು ಏನೆಂದು ತಿಳಿಯಬೇಕು. ರಾತ್ರಿ ಗಾಡಿಯ ಅಡಿಯಲ್ಲಿ ಬಿಳಿಯ ರಟ್ಟನ್ನು ಹಾಸಿ ಬೆಳಗ್ಗೆ ನೋಡಿದರೆ ಹನಿಯ ಬಣ್ಣವೂ ಬಿದ್ದ ತಾಣವೂ ತಿಳಿಯುವುವು. ಬಣ್ಣವಿಲ್ಲದ ನೀರಾಗಿದ್ದರೆ ಅದು ತಂಪುಗಾಳಿಯ ಯಂತ್ರದಲ್ಲಿ ಗಾಳಿಯ ತೇವ ಹನಿಗೂಡಿದ್ದು, ಚಿಂತೆ ಬೇಡ. ಹಸಿರು ಅಥವಾ ಕೆಂಪು ಬಣ್ಣದ, ನೀರಿನಲ್ಲಿ ಬೆರೆಯುವ ದ್ರವವು ರೇಡಿಯೇಟರಿನದು. ಇದು ವಿಷ, ಬಾಯಿಗೆ ತಾಗಿಸಬಾರದು. ಕಂದು ಇಲ್ಲವೆ ಕಪ್ಪು ಬಣ್ಣದ್ದು ಎಂಜಿನಿನ ಎಣ್ಣೆ. ದಪ್ಪನಾಗಿ ಗಂಧಕದ ಕಟುವಾಸನೆ ಬೀರುವುದು ಗೇರೆಣ್ಣೆ. ಹಲ್ಲುಗಳ ಮೇಲಿನ ಅಪಾರ ಒತ್ತಡವನ್ನು ತಾಳಲೆಂದು ಇದರಲ್ಲಿ ಗಂಧಕದ ಸಂಯುಕ್ತಗಳನ್ನು ಬೆರೆಸಿರುತ್ತಾರೆ. ತಾನಾಗಿಯೇ ಗೇರು ಬದಲಾಯಿಸುವ ಗಾಡಿಗಳ ದ್ರವ ಹೊಸದಾಗಿದ್ದಾಗ ಸಾಧಾರಣವಾಗಿ ಕೆಂಪು. ತೆಳ್ಳಗೆ, ತುಸು ಹಳದಿಯಾಗಿದ್ದು ನೀರಿನಲ್ಲಿ ಕರಗುವ ದ್ರವವು ಬ್ರೇಕಿನ ಅಥವಾ ಕ್ಲಚ್ಚಿನ ಪೆಡಲಿಗೆ ಸೇರಿದ್ದು. ಅದು ಬ್ರೇಕಿನದಾಗಿದ್ದರೆ ಗಾಡಿಯನ್ನು ರಸ್ತೆಗೆ ಇಳಿಸಲೇಬಾರದು.

ಎಂಜಿನೂ ಗೇರುಪೆಟ್ಟಿಗೆಯೂ ಕೂಡುವ ಎಡೆಯಲ್ಲಿ ಹನಿಯಿದ್ದರೆ ಎಚ್ಚರ ಬೇಕು. ಅದು ಎಂಜಿನಿನ ಹಿಂದಿನ ಉಂಗುರದಿಂದ ಬಂದಿರಬಹುದು, ಗೇರುಪೆಟ್ಟಿಗೆಯ ಮುಂದಿನ ಉಂಗುರದಿಂದಲೂ ಬಂದಿರಬಹುದು. ಎರಡಕ್ಕೂ ನಡುವೆ ಇರುವುದೇ ಕ್ಲಚ್ಚು. ಇಲ್ಲಿ ವಾಸನೆಯೂ ಬಣ್ಣವೂ ತೀರ್ಪು ಹೇಳಬೇಕು. ಸಂಡೂರಿನ ಕಡೆಯ ಕೆಂಧೂಳಿನಲ್ಲಿ ಓಡಾಡಿದ ಗಾಡಿಯಲ್ಲಿ ಯಾವ ಎಣ್ಣೆಯೂ ಕೆಂಪಾಗಿಯೇ ಕಂಡೀತು. ಆದ್ದರಿಂದ ಮೊದಲು ಒರೆಸಿ ಶುಚಿಮಾಡಿ, ಒಣಗಿಸಿ, ಸೀಮೆಸುಣ್ಣದ ಪುಡಿ ಎರಚಿ, ಸ್ವಲ್ಪ ದೂರ ಓಡಿಸಿ ನೋಡಬೇಕು. ಓಟದ ಗಾಳಿ ಎಣ್ಣೆಯನ್ನು ಹಿಂದಕ್ಕೆ ತಳ್ಳುವುದು, ಭಾರವು ಕೆಳಕ್ಕೆ ಎಳೆಯುವುದು. ಒದ್ದೆಯಾದ ಎಡೆಗಳಲ್ಲಿ ಅತ್ಯಂತ ಮೇಲಿನದೂ ಮುಂದಿನದೂ ಯಾವುದೋ ಅಲ್ಲಿಯೇ ಮೂಲವನ್ನು ಹುಡುಕಬೇಕು. ಜಾಕಿಯೊಂದನ್ನೇ ನಂಬಿ ಗಾಡಿಯ ಕೆಳಗೆ ಎಂದಿಗೂ ನುಸುಳಬಾರದು.

ನಿಮಿಷಕ್ಕೊಂದು ಹನಿಯೆಂದರೆ ಅಲ್ಪವೆನಿಸಬಹುದು. ೨೫ ಹನಿಗೆ ಒಂದು ಮಿಲಿಲೀಟರೆಂದು ಹಿಡಿದರೆ ದಿನಕ್ಕೆ ೧೪೪೦ ಹನಿ, ಎಂದರೆ ಸುಮಾರು ೫೮ ಮಿಲಿಲೀಟರ್. ಎರಡು ಲೀಟರಿನ ಗೇರುಪೆಟ್ಟಿಗೆ ಐದು ವಾರಗಳಲ್ಲಿ ಬರಿದಾದೀತು.

ಮುಚ್ಚಿಹೋದ ಉಸಿರು

ಕೆಲವು ವೇಳೆ ಉಂಗುರ ನಿರಪರಾಧಿ. ಗೇರುಪೆಟ್ಟಿಗೆಯ ಮೇಲೆ ಗಾಳಿಯಾಡಲೆಂದು ಒಂದು ಸಣ್ಣ ಉಸಿರುಗಂಡಿಯಿರುತ್ತದೆ. ಸಿರುಗುಪ್ಪದ ಗದ್ದೆಗಳ ನಡುವೆ ಓಡಾಡುವ ಗಾಡಿಗಳಲ್ಲಿ ಎರೆಮಣ್ಣಿನ ಕೆಸರು ಇದನ್ನು ಮುಚ್ಚಿಬಿಡಬಹುದು. ಬೆಳಗ್ಗೆ ೨೭ ಡಿಗ್ರಿ, ಎಂದರೆ ೩೦೦ ಕೆಲ್ವಿನ್ ಇದ್ದ ಒಳಗಾಳಿ ಓಟದಲ್ಲಿ ೮೭ ಡಿಗ್ರಿಗೆ, ಎಂದರೆ ೩೬೦ ಕೆಲ್ವಿನ್‌ಗೆ ಏರಿದರೆ, ಅನಿಲನಿಯಮದಂತೆ ಒತ್ತಡವು ಐದರಲ್ಲೊಂದು ಪಾಲು ಹೆಚ್ಚುವುದು. ಹೊರದಾರಿ ಕಾಣದ ಗಾಳಿಯು ಎಣ್ಣೆಯನ್ನು ಉಂಗುರದ ಅಂಚಿನಿಂದ ಹೊರದಬ್ಬುವುದು. ಹೊಸ ಉಂಗುರ ಹಾಕಿದರೂ ಸೋರಿಕೆ ನಿಲ್ಲದು. ಗಂಡಿಯನ್ನು ಶುಚಿಮಾಡಿದರೆ ನಿಲ್ಲುವುದು!

ಆದುದರಿಂದ, ಎಂಜಿನು ಮೊರೆದರೂ ವೇಗ ಏರದಿದ್ದರೆ ತಟ್ಟೆ ಜಾರುತ್ತಿದೆಯೆಂದು ತಿಳಿದು, ಅದು ಸವೆತದಿಂದಲೋ ಎಣ್ಣೆಯಿಂದಲೋ ಎಂಬುದನ್ನು ವಿಚಾರಿಸಬೇಕು. ಪೆಡಲು ಸಲೀಸಾಗಿ ಕುಸಿದು ಗೇರು ಬೀಳದಿದ್ದರೆ ಪೆಡಲಿನ ದ್ರವ ಸೋರಿದೆಯೇ ಎಂದು ನೋಡಬೇಕು. ತಟ್ಟೆಗಾಗಿ ಗೇರುಪೆಟ್ಟಿಗೆಯನ್ನು ಇಳಿಸಿದ ದಿನವೇ ಎರಡು ಉಂಗುರಗಳನ್ನೂ ಪರೀಕ್ಷಿಸಿ, ಸಂದೇಹವಿದ್ದರೆ ಬದಲಾಯಿಸುವಂತೆ ಮೇಸ್ತ್ರಿಗೆ ಹೇಳುವುದು ಜಾಣತನ. ಹಳೆಯ ಪಟ್ಟಿಗಳಲ್ಲಿ ಕಲ್ನಾರು ಇರಬಹುದಾದ್ದರಿಂದ ಅಲ್ಲಿನ ಧೂಳನ್ನು ಊದಿ ಹಾರಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಅದರ ನಾರು ಶ್ವಾಸಕೋಶಕ್ಕೆ ಮಾರಕ. ಉಂಗುರದ ಬೆಲೆ ಅತ್ಯಲ್ಪ. ಅದನ್ನು ತಲಪಲು ಮಾಡುವ ಬಿಚ್ಚಾಟದ ಕೂಲಿಯೇ ದೊಡ್ಡದು. ಆ ಕೂಲಿಯನ್ನು ಎರಡು ಸಲ ತೆರಬೇಕೋ ಒಂದೇ ಸಲ ಸಾಕೋ ಎಂಬುದನ್ನು ರಟ್ಟಿನ ಮೇಲಿನ ಹನಿಯೇ ಮೊದಲು ತಿಳಿಸಿರುತ್ತದೆ.