ಹಳೆಯ ಕಾರು, ಹೊಸ ಸ್ಟಿಯರಿಂಗ್

2014ರಲ್ಲಿ ತಯಾರಿಕೆ ನಿಂತರೂ ಅಂಬಾಸಡರ್ ಕಾರಿನ ಮೋಹ ಅಳಿದಿಲ್ಲ. ಆದರೆ ಕೊಳ್ಳುವವರು ಬಣ್ಣದ ಹೊಳಪಿಗೆ ಮರುಳಾಗದೆ ಮೊದಲು ಸ್ಟಿಯರಿಂಗನ್ನು ಪರೀಕ್ಷಿಸತಕ್ಕದ್ದು. ಈ ಕಾರಿನದು ಮೂಲತಃ ರ‍್ಯಾಕ್-ಪಿನಿಯನ್ ಏರ್ಪಾಡು. ಗಾಲಿ ಕದಲದೆ ಸ್ಟಿಯರಿಂಗ್ ಚಕ್ರವಷ್ಟೇ ಬಹಳ ಆಡಿದರೆ ಕೀಲುಗಳು ಸವೆದಿರುವುದು ಸಂಭವ. ಅಂದಕ್ಕಾಗಿ ಚಿಕ್ಕ ಚಕ್ರ ಜೋಡಿಸಿದ್ದರೆ ಸನ್ನೆಯ ಬಲ ಕುಗ್ಗಿ ಭುಜ, ಮಣಿಕಟ್ಟುಗಳಿಗೆ ಶ್ರಮ ಹೆಚ್ಚುತ್ತದೆ. ಸಂಧಿನೋವುಳ್ಳವರಿಗೆ ಇದು ಸಲ್ಲದು. ಬೇರೆ ವಾಹನದ ಪವರ್ ಸ್ಟಿಯರಿಂಗ್ ಅಳವಡಿಸಿದ್ದರೆ, ದಂಡಕ್ಕೆ ಬೆಸುಗೆ ಬಿದ್ದಿದೆಯೇ ಎಂಬುದನ್ನು ಬಲ್ಲ ಮೆಕ್ಯಾನಿಕರಿಂದ ನೋಡಿಸಬೇಕು. ಓಟದಲ್ಲಿ ಬೆಸುಗೆ ಬಿಟ್ಟರೆ ಚಕ್ರ ಕೈಯಲ್ಲಿ ತಿರುಗೀತು, ಗಾಲಿ ತಿರುಗದು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಮಾರ್ಪಾಡುಗಳನ್ನು ನಿರ್ಬಂಧಿಸುವುದರಿಂದ ನೋಂದಣಿ ಪತ್ರವನ್ನೂ ತಾಳೆ ನೋಡುವುದು ಲೇಸು. ಹಳೆಯದರ ಮೇಲಣ ಮಮತೆ ಒಳ್ಳೆಯದೇ. ಮನೆಮಂದಿಯ ಕ್ಷೇಮ ಅದಕ್ಕಿಂತ ದೊಡ್ಡದು.