ಬರದ ಬಯಲಿನ ಬೆಳೆ

ಕೆನಡಾದಲ್ಲಿ ಕಾಯಿಲೆ ಬಿದ್ದವರು ಆಸ್ಪತ್ರೆಗೆ ಸೇರುವ ಮೊದಲು ಕಿಸೆ ಮುಟ್ಟಿ ನೋಡಿಕೊಳ್ಳಬೇಕಿಲ್ಲ. ಈ ವ್ಯವಸ್ಥೆಯ ಬೇರು ಹುಡುಕುತ್ತ ಹೋದರೆ ಸಾಸ್ಕಾಚೆವಾನ್ ಪ್ರಾಂತ್ಯದ ದಕ್ಷಿಣಕ್ಕೆ, ಸೂರಿಸ್ ನದಿ ದಂಡೆಯ ವೇಬರ್ನ್ ಎಂಬ ಗೋಧಿಯೂರಿಗೆ ಬಂದು ನಿಲ್ಲುತ್ತೇವೆ. 2021ರ ಜನಗಣತಿಯಂತೆ ಅಲ್ಲಿರುವುದು 11,019 ಮಂದಿ.

ನಕೋಡ, ಕ್ರೀ ಮೂಲನಿವಾಸಿಗಳು ಕಾಡೆಮ್ಮೆ ಬೇಟೆಯಾಡುತ್ತಿದ್ದ ಬಯಲು ಇದು. 1890ರ ದಶಕದಲ್ಲಿ ರೈಲು ಬಂತು. ಹತ್ತು ಡಾಲರ್ ಶುಲ್ಕ ಕಟ್ಟಿ, ಉತ್ತು ಮನೆ ಕಟ್ಟಿ ನೆಲೆಸಿದವರಿಗೆ 160 ಎಕರೆ ಸಿಗುತ್ತಿತ್ತು. ಹಳಿಯ ಪಕ್ಕ ಧಾನ್ಯ ತುಂಬುವ ಎತ್ತರದ ಎಲಿವೇಟರ್‌ಗಳು ಎದ್ದವು. 1900ರಲ್ಲಿ ಹಳ್ಳಿಯಾಗಿದ್ದ ವೇಬರ್ನ್, 1913ಕ್ಕೆ ನಗರವಾಯಿತು.

ನೆರೆಹೊರೆಯವರ ಮನೆಯೇ ದೂರವಿರುವ ಆ ಬಯಲಿನಲ್ಲಿ ಒಂಟಿಯಾಗಿ ಬದುಕುವುದು ಕಷ್ಟ. ಹಾಗಾಗಿ ರೈತರು ಕೂಡಿ ಗೋಧಿ ಮಾರುವ ಸಹಕಾರಿ ಸಂಘ ಕಟ್ಟಿದರು; ಹಲವು ಗ್ರಾಮೀಣ ಪಾಲಿಕೆಗಳು ತೆರಿಗೆ ಹಣದಲ್ಲಿ ವೈದ್ಯರನ್ನು ನೇಮಿಸಿಕೊಂಡವು.

1930ರಲ್ಲಿ ಟಾಮಿ ಡಗ್ಲಸ್ ಎಂಬ ಯುವಕ ಇಲ್ಲಿನ ಬ್ಯಾಪ್ಟಿಸ್ಟ್ ಚರ್ಚಿಗೆ ಪಾದ್ರಿಯಾಗಿ ಬಂದರು. ಬೆನ್ನಿಗೇ ಬರಗಾಲವೂ ಬಂತು. ಹೊಲದ ಮೇಲ್ಮಣ್ಣು ಧೂಳಾಗಿ ಹಾರಿಹೋಯಿತು. ಒಂದು ಡಾಲರ್ ದಾಟಿದ್ದ ಬುಶೆಲ್ ಗೋಧಿ 1932ರಲ್ಲಿ ಸುಮಾರು 35 ಸೆಂಟಿಗೆ ಕುಸಿಯಿತು. ಸಮಯಕ್ಕೆ ವೈದ್ಯರು ಸಿಗದೆ ಸತ್ತ ಯುವ ಗೃಹಸ್ಥರನ್ನು ಸುತ್ತಲ ಹಳ್ಳಿಗಳಲ್ಲಿ ಮಣ್ಣು ಮಾಡಿದ್ದನ್ನು ಡಗ್ಲಸ್ ಕೊನೆವರೆಗೂ ನೆನೆಯುತ್ತಿದ್ದರು. ಬಾಲ್ಯದಲ್ಲಿ ಮೂಳೆಯ ಸೋಂಕಿನಿಂದ ಕಾಲು ಕಳೆದುಕೊಳ್ಳಬೇಕಿದ್ದ ಅವರನ್ನು ವಿನ್ನಿಪೆಗ್‌ನ ಶಸ್ತ್ರವೈದ್ಯರೊಬ್ಬರು ಪುಕ್ಕಟೆಯಾಗಿ ಉಳಿಸಿದ್ದರು. ತನಗೆ ಅದೃಷ್ಟದಿಂದ ದಕ್ಕಿದ್ದು ಎಲ್ಲರಿಗೂ ಹಕ್ಕಾಗಿ ದಕ್ಕಬೇಕೆಂಬ ಹಂಬಲ ಅವರಲ್ಲಿ ಗಟ್ಟಿಯಾಯಿತು.

1935ರಲ್ಲಿ ವೇಬರ್ನ್ ಮತದಾರರು ಅವರನ್ನು ಸಂಸತ್ತಿಗೆ ಕಳಿಸಿದರು. 1944ರಲ್ಲಿ ಅವರು ಪ್ರಾಂತ್ಯದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಆದರು. 1947ರಲ್ಲಿ ಆಸ್ಪತ್ರೆ ವಿಮೆ ಜಾರಿಯಾಯಿತು. 1962ರ ಜುಲೈ 1ರಂದು, ಅವರ ಉತ್ತರಾಧಿಕಾರಿ ವುಡ್ರೋ ಲಾಯ್ಡ್ ಕಾಲದಲ್ಲಿ, ವೈದ್ಯರ ಶುಲ್ಕವನ್ನೂ ಸರ್ಕಾರವೇ ಭರಿಸುವ ಯೋಜನೆ ಬಂತು. ವೈದ್ಯರು 23 ದಿನ ಮುಷ್ಕರ ಹೂಡಿದರೂ ಯೋಜನೆ ಉಳಿಯಿತು. 1966ರಲ್ಲಿ ದೇಶದ ಸಂಸತ್ತು ಅದೇ ಮಾದರಿಯ ಕಾನೂನು ಮಾಡಿತು.

ಕೂಡಿ ಬಾಳುವ ಅಭ್ಯಾಸವನ್ನು ವೇಬರ್ನ್ ಆಮೇಲೂ ಬಿಡಲಿಲ್ಲ. 1976ರಲ್ಲಿ ಸುತ್ತಲಿನ ರೈತರು ತಾವೇ ಹಣ ಹಾಕಿ ಧಾನ್ಯ ಸಾಗಣೆಯ ದೊಡ್ಡ ಟರ್ಮಿನಲ್ ಕಟ್ಟಿಸಿದರು. ಡಗ್ಲಸ್ ಬೋಧಿಸುತ್ತಿದ್ದ ಚರ್ಚು ಈಗ ಅವರದೇ ಹೆಸರಿನ ಕಲಾಕೇಂದ್ರ; ಊರಲ್ಲಿ ಅವರ ಪ್ರತಿಮೆಯೂ ಇದೆ. ಆದರೆ ಅವರಿಗಿಂತ ಮೊದಲೇ, ವೈದ್ಯರ ಸಂಬಳಕ್ಕೆಂದು ತೆರಿಗೆ ಕೊಟ್ಟ ಆ ಬಯಲಿನ ರೈತರನ್ನೂ ನಾವು ನೆನೆಯಬೇಕು. ಬಿತ್ತಿದ ಕೈಗಳು ಅವರವು.