ರಕ್ಷಾವಸ್ತ್ರಗಳ ಮರುಬಳಕೆ

ನೇಕಾರಿಕೆಗೆ ಹೆಸರಾದ ಗಜೇಂದ್ರಗಡದ ಸೀಮೆಗೆ ಸೇರಿದ ರಾಜೂರಿನಲ್ಲಿ ಬಟ್ಟೆಯ ಗುಣವನ್ನು ಯಾರಿಗೂ ಹೇಳಿಕೊಡಬೇಕಾಗಿಲ್ಲ. ಒಗೆದು ಬಿಸಿಲಿಗೆ ಹರವಿದರೆ ಅದು ಮಡಿಯಾಗುವುದೆಂಬುದು ಮಕ್ಕಳೂ ಬಲ್ಲ ಮಾತು. ಆದರೆ ವೈದ್ಯರೂ ದಾದಿಯರೂ ತೊಡುವ ರಕ್ಷಾವಸ್ತ್ರಗಳೆಲ್ಲಕ್ಕೂ ಈ ನಿಯಮ ಸಲ್ಲದು. 2020ರ ಮಾರ್ಚ್ ತಿಂಗಳಲ್ಲಿ ಕಲಬುರಗಿಯಲ್ಲಿ ಕೋವಿಡ್‌ನಿಂದ ಭಾರತದ ಮೊದಲ ಸಾವು ಸಂಭವಿಸಿದಾಗ, ಇಂತಹ ಉಡುಪುಗಳ ಅಭಾವವು ಜಗತ್ತಿನ ಹಲವೆಡೆ ತಲೆದೋರಿತ್ತು. ಒಮ್ಮೆ ತೊಟ್ಟುದನ್ನೇ ಮರಳಿ ತೊಡುವುದು ಅನೇಕರಿಗೆ ಅನಿವಾರ್ಯವಾಯಿತು.

ಹತ್ತಿಯ ನಿಲುವಂಗಿಯನ್ನು ಸಾಬೂನಿನೊಡನೆ 60ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿನೀರಿನಲ್ಲಿ ಯಂತ್ರದಿಂದ ಒಗೆದು, ಚೆನ್ನಾಗಿ ಒಣಗಿಸಿ ಮತ್ತೆ ತೊಡಬಹುದು. ಎನ್-95 ಮುಖಗವಸು ಹಾಗಲ್ಲ. ಅದರ ಸೂಕ್ಷ್ಮ ಎಳೆಗಳು ನೇಯ್ದವಲ್ಲ. ಅವುಗಳಲ್ಲಿ ತುಂಬಿದ ವಿದ್ಯುದಂಶವು ಕಣಗಳನ್ನು ಸೆಳೆದು ಹಿಡಿಯುತ್ತದೆ. ಸಾಬೂನು, ಮದ್ಯಸಾರಗಳು ಆ ಶಕ್ತಿಯನ್ನು ಕುಂದಿಸುತ್ತವೆ. ಆಗ ಗವಸು ನೋಟಕ್ಕೆ ಶುಭ್ರ, ರಕ್ಷಣೆಗೆ ದುರ್ಬಲ.

ಆದುದರಿಂದ ಅಮೆರಿಕದ ರೋಗ ನಿಯಂತ್ರಣ ಕೇಂದ್ರವು ಅಭಾವಕಾಲಕ್ಕೆಂದು ಬೇರೊಂದು ಕ್ರಮವನ್ನು ಸೂಚಿಸಿತು: ಒಬ್ಬರಿಗೆ ಐದು ಗವಸುಗಳು, ದಿನಕ್ಕೊಂದನ್ನು ತೊಟ್ಟು, ಗಾಳಿಯಾಡುವ ಕಾಗದದ ಚೀಲದಲ್ಲಿರಿಸಿ, ಐದನೆಯ ದಿನ ಕಳೆದ ಮೇಲೆ ಮೊದಲನೆಯದನ್ನು ಮತ್ತೆ ಧರಿಸುವುದು. ಇಲ್ಲಿ ಶುದ್ಧಿಗೈಯುವುದು ನೀರಲ್ಲ, ಕಾಲ. ಹರಿದ, ತೊಯ್ದ, ಮುಖಕ್ಕೆ ಬಿಗಿಯಾಗಿ ಕೂಡದ ಗವಸನ್ನು ಮಾತ್ರ ತ್ಯಜಿಸಲೇಬೇಕು.

ಮಿತವ್ಯಯವು ಸದ್ಗುಣವೇ ಸರಿ. ಆದರೆ ವಸ್ತುವಿನ ಧರ್ಮವನ್ನರಿಯದ ಮಿತವ್ಯಯವು ರೋಗಿಯ ಸೇವೆಗೈವವರನ್ನೇ ರೋಗಿಗಳನ್ನಾಗಿಸೀತು.